ಉತಾರದ ಪಾಳಿ ಬಂದಾಗಲೇ ಕಂಪ್ಯೂಟರ್ ಆಫ್

ಸೇವಾ ಕೇಂದ್ರದಲ್ಲಿ ಉತಾರಕ್ಕೆ ಪಾಳಿ ಹಚ್ಚಿ ನಿಂತಾಗ ಕಂಪ್ಯೂಟರ್ ತಟ್ಟನೆ ಆಫ್ ಆದರೆ ‘ವೈರಸ್ ಐತಿ, ಫಾರ್ಮ್ಯಾಟ್ ಹೊಡೀಬೇಕು’ ಅನ್ನುತ್ತಾರೆ. ನಾವೂ ನಮ್ಮದಕ್ಕೆ ಹೊಡೆಸಿ ಫೋಟೊ ಕಳಕೊಂಡವರೇ. ಆಫ್ ಆಗುವುದು ಮಾತ್ರ ನಿಲ್ಲಲಿಲ್ಲ.

ಮೊದಲು ನೋಡಬೇಕಾದ್ದು ಕರೆಂಟು. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ನೂಲಿನ ಧೂಳು ಅದರ ಫ್ಯಾನಿಗೆ ಮೆತ್ತಿದರೆ ಕಾದು ನಿಲ್ಲುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಕಡೆ ಕಬ್ಬಿನ ಪಂಪ್‌ಸೆಟ್‌ಗಳು ಒಮ್ಮೆಲೇ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ಸತ್ತ ಯುಪಿಎಸ್ ಅದನ್ನು ತಡೆಯದು.

ಬೇರೆ ಎಸ್‌ಎಂಪಿಎಸ್ ಹಾಕಿ ಒಂದು ದಿನ ನೋಡಿ. ಹಳೆಯದನ್ನು ಬಿಚ್ಚಬೇಡಿ, ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆದೀತು.

‘ನಾಳೆ ಬಾ’ ಅನ್ನಿಸಿಕೊಂಡವರಿಗೆ ಒಂದು ದಿನದ ಪಗಾರ ಹೋಗುತ್ತದೆ. ಕೇಂದ್ರಕ್ಕೆ ಕಂಪ್ಯೂಟರ್ ಕೊಡುವವರು ಬ್ಯಾಟರಿ ಬದಲಿಸಲೂ ದುಡ್ಡು ಇಡಬೇಕು.