ಗೋದಾಮಿನೊಳಗಿನ ಬಿಸಿಲು



ಚೈತ್ರ ಬಂತೆಂದರೆ ಉಮರಗಾ, ನಿಲಂಗಾ, ಉದಗೀರ ಎಲ್ಲಿಯೇ ನೋಡಿರಿ, ಬಸ್ ಸ್ಟ್ಯಾಂಡಿನ ಮುಂದೆ, ಮೋಂಢಾದ ಬಾಗಿಲಲ್ಲಿ ಅರವಟಿಗೆ ಇಡುತ್ತಾರೆ. ತೀರಿಹೋದ ಹಿರಿಯರ ಹೆಸರಿನಲ್ಲಿ ನಾವೂ ಇಡುತ್ತೇವೆ. ದಾರಿಹೋಕರಿಗೆ ನೀರು ಕೊಡುವುದು ಒಳ್ಳೆಯ ರೂಢಿ. ಆದರೆ ಈ ಸಲ ನಾನು ಬರೆಯಹೊರಟಿರುವುದು ನಮ್ಮದೇ ಗೋದಾಮಿನಲ್ಲಿ ಚೀಲ ಹೊರುವ ಹಮಾಲರ ವಿಷಯ.

ಪೇಪರಿನಲ್ಲಿ ‘ನಿನ್ನೆಯ ಉಷ್ಣತೆ 41 ಡಿಗ್ರಿ’ ಎಂದು ಓದಿ, ಇದೇನು ಹೊಸದೇ ಎಂದು ಪಕ್ಕಕ್ಕಿಡುತ್ತೇವೆ. ಆ 41 ಎಲ್ಲಿಯದು? ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಗಾಳಿಯಾಡುವ ಬಿಳಿಯ ಪೆಟ್ಟಿಗೆಯಲ್ಲಿ, ನೆರಳಿನಲ್ಲಿ ಇಟ್ಟು ಅಳೆಯುತ್ತಾರೆ. ನಮ್ಮ ಹಮಾಲ ನಿಲ್ಲುವುದು ಪತ್ರಾಸಿನ ಕೆಳಗೆ, ಥಪ್ಪಿಯ ತುದಿಯಲ್ಲಿ. ಕಾದ ಪತ್ರಾಸು ತಲೆಯಿಂದ ಎರಡು ಮೊಳ ದೂರ. ಬಿಸಿ ಗಾಳಿ ಮೇಲೇರಿ ಅಲ್ಲಿಯೇ ನಿಂತಿರುತ್ತದೆ, ಗಾದಿಯ ಮೇಲಿನ ಫ್ಯಾನು ಅಲ್ಲಿಗೆ ಮುಟ್ಟುವುದಿಲ್ಲ. ಒಂದು ಸಾದಾ ಥರ್ಮಾಮೀಟರ್ ತಂದು ಮಧ್ಯಾಹ್ನ ಮೂರಕ್ಕೆ ಗಾದಿಯ ಬಳಿ ಒಮ್ಮೆ, ಮೇಲಿನ ಥಪ್ಪಿಯ ಬಳಿ ಒಮ್ಮೆ ಹಿಡಿದು ನೋಡಿರಿ. ತಕ್ಕಡಿ ಇಟ್ಟುಕೊಂಡವರಿಗೆ ಅಳೆಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಹಿಂದೆ ನಮ್ಮ ಭಾಗದಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುತ್ತಿತ್ತು. ಒಳಗೆ ತಂಪು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪದಲ್ಲಿ ಅಂಥ ಮಾಳಿಗೆಗಳೇ ಮಲಗಿದ್ದವರ ಮೇಲೆ ಬಿದ್ದವು, ಸಾವಿರಾರು ಜನ ಹೋದರು. ಆಮೇಲೆ ತಲೆಯ ಮೇಲೆ ಭಾರ ಬೇಡವೆಂದು ಜನ ಪತ್ರಾಸಿಗೆ ಹೊರಳಿದ್ದು ಸಹಜವೇ. ಜೀವ ಉಳಿಸಲು ಹಾಕಿದ ಪತ್ರಾಸಿಗೆ ಸುಣ್ಣ ಬಳಿಸುವುದು, ಮೇಲೆ ತೊಗರಿ ಕಟ್ಟಿಗೆ ಹೊದಿಸುವುದು, ಗೋಡೆಯ ಮೇಲ್ಭಾಗದಲ್ಲಿ ಗಾಳಿಕಂಡಿ ಬಿಡಿಸುವುದು ಮಾತ್ರ ನಮ್ಮಲ್ಲಿ ಬಹಳ ಜನರಿಗೆ ತೋಚಿಲ್ಲ. ಒಂದು ಕೈ ಬಿಳಿ ಸುಣ್ಣಕ್ಕೆ ಎಷ್ಟು ಖರ್ಚು?

ಬರೀ ಡಿಗ್ರಿ ನೋಡಿದರೂ ಸಾಲದು. ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಬೆವರು ಬಂದದ್ದೇ ತಡ ಆರುತ್ತದೆ, ಮೈ ತಂಪಾಗುತ್ತದೆ. ಅಲ್ಲಿ ಭಯ ಮೈಯೊಳಗಿನ ನೀರು ಬತ್ತುವುದು. ಮಿರಗದ ಮುಂಚೆ ಮೋಡ ಕವಿದು ಕುದಿಯುವ ದಿನಗಳಲ್ಲಿ ಡಿಗ್ರಿ ಕಡಿಮೆ ಇದ್ದರೂ ಬೆವರು ಆರುವುದಿಲ್ಲ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿಯ ಸಮಾರಂಭಕ್ಕೆ ಬಂದು ಬಯಲಿನಲ್ಲಿ ಕುಳಿತವರಲ್ಲಿ 14 ಜನ ತೀರಿಕೊಂಡರು. ಅಂದು ಆ ಭಾಗದ ಉಷ್ಣತೆ 38 ಡಿಗ್ರಿಯ ಆಸುಪಾಸು. ಅವರು ಸುಮ್ಮನೆ ಕುಳಿತವರು. ನಮ್ಮವರು 50 ಕಿಲೋ ಚೀಲ ಹೊತ್ತು ಹಲಗೆ ಏರುವವರು. ದುಡಿಯುವ ಮೈ ತಾನೇ ಒಳಗಿನಿಂದ ಕಾವು ಹುಟ್ಟಿಸುತ್ತದೆ.

ದಾಲ್ ಮಿಲ್ಲಿನವರ ಪೇಚು ಬೇರೆ. ತೊಗರಿಗೆ ಎಣ್ಣೆ ಹಚ್ಚಿ, ನೀರು ಕೊಟ್ಟು, ಅಂಗಳದಲ್ಲಿ ಒಣಗಿಸಿ ಒಡೆಯುವ ಹಳೆಯ ಪದ್ಧತಿಯಲ್ಲಿ ಬಿಸಿಲು ಹೆಚ್ಚಾದಷ್ಟೂ ಬೇಳೆಗೆ ಒಳ್ಳೆಯದು. ಅದನ್ನು ಕಾಲಿನಿಂದ ಎಳೆದು ತಿರುವಿಹಾಕುವ ಹೆಣ್ಣುಮಕ್ಕಳಿಗೆ ಅದೇ ಬಿಸಿಲು ಮೇಲಿನಿಂದಲೂ ಕೆಳಗಿನ ಗಚ್ಚಿನಿಂದಲೂ ಬಡಿಯುತ್ತದೆ. ಡ್ರೈಯರ್ ಹಾಕಿಸಿದವರಿಗೆ ಈ ಮಾತು ಬೇಡ. ಉಳಿದವರು ತಿರುವುವ ಕೆಲಸವನ್ನು ಹನ್ನೊಂದರೊಳಗೆ ಒಮ್ಮೆ, ನಾಲ್ಕರ ನಂತರ ಒಮ್ಮೆ ಮಾಡಿಸಬಹುದು. ನಡುವೆ ಬೇಳೆ ತಾನೇ ಒಣಗುತ್ತದೆ.

ಯಾರಿಗೆ ಅಪಾಯ ಹೆಚ್ಚು? ಹೊಸಬನಿಗೆ. ಊರಲ್ಲಿ ಕೆಲಸವಿಲ್ಲದೆ ಕುಳಿತು, ಬೇಸಿಗೆಯಲ್ಲಿ ಮೋಂಢಾಕ್ಕೆ ಬಂದ ಹುಡುಗ ಹಳಬರ ಸರಿಸಮ ಹೊರಲು ಹೋಗುತ್ತಾನೆ. ಬಿಸಿಲಿನ ಕೆಲಸದಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲ ಕೆಲವು ದಿನಗಳಲ್ಲಿಯೇ ಸಾಯುತ್ತಾರೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯವರು ಕಂಡುಕೊಂಡಿದ್ದಾರೆ. ಹೊಸಬನಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ, ಮುಂದೆ ದಿನಕ್ಕೊಂದು ಪಾಲು ಏರಿಕೆ ಎಂಬುದು ಅಲ್ಲಿಯ ಸಲಹೆ. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು, ರಾತ್ರಿ ಕುಡಿದವರು, ಜ್ವರದಿಂದ ಎದ್ದವರು, ಉಪವಾಸವಿದ್ದವರು ಸಹ ಇದೇ ಸಾಲಿನವರು. ನಮ್ಮ ಮನೆಯ ಹುಡುಗರೂ ಉಪವಾಸದ ದಿನ ಗೋದಾಮಿನಲ್ಲಿ ಮಾಲು ಎಣಿಸುತ್ತ ನಿಲ್ಲುವುದು ಬೇಡ.

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಗಾಳಿ ತಾಗದೆಂದು ನಮ್ಮ ಕಡೆ ನಂಬುತ್ತಾರೆ. ನಮ್ಮ ಮನೆಗಳಿಗೆ ಈರುಳ್ಳಿ ಹೇಗೂ ಬರುವುದಿಲ್ಲ, ಜೇಬಿಗೂ ಬೇಕಾಗಿಲ್ಲ. ಬೇಕಾದದ್ದು ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು, ನೀರಡಿಕೆ ಆಗುವ ಮುಂಚೆಯೇ. ಹರವಿ ಗೋದಾಮಿನ ಒಳಗೇ, ಕೈಗೆ ಸಿಗುವಲ್ಲಿ ಇರಲಿ. ಬಹಳ ಬೆವರಿದವರಿಗೆ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿಕೊಡಿರಿ. ಚಮಚ ಸಣ್ಣದು, ಮಟ್ಟಸವಾಗಿ ತುಂಬಿದ್ದು. 1948ರ ಫ್ಯಾಕ್ಟರಿ ಕಾಯ್ದೆ ಬೇಸಿಗೆಯ ತಣ್ಣೀರನ್ನು ಕಡ್ಡಾಯ ಮಾಡಿದ್ದು 250ಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆಗೆ ಮಾತ್ರ. ನಮ್ಮ ಮಿಲ್ಲುಗಳಲ್ಲಿ ಇಪ್ಪತ್ತೋ ಮೂವತ್ತೋ ಜನ, ಆದುದರಿಂದ ಆ ಕಲಮು ನಮ್ಮನ್ನು ಎಂದೂ ಮುಟ್ಟಲಿಲ್ಲ.

‘ಜರಾ ಚಕ್ಕರ್ ಬಂದಂಗ ಆಗ್ಯದ್ರಿ ಸಾವಕಾರ್ರೆ’ ಎಂದರೆ ಅಲ್ಲಿಗೇ ಕೆಲಸ ನಿಲ್ಲಿಸಿರಿ. ಮಾತು ತಪ್ಪತೊಡಗಿದರೆ, ಕೇಳಿದ್ದಕ್ಕೆ ಬೇರೆಯೇ ಹೇಳಿದರೆ ಅದು ಉಷ್ಮಾಘಾತ. ಬೆವರು ಬರುತ್ತಿದೆಯಲ್ಲ, ಅದಲ್ಲ ಎನ್ನಬೇಡಿರಿ. ಹೊರೆ ಹೊತ್ತವನಿಗೆ ಉಷ್ಮಾಘಾತದಲ್ಲೂ ಬೆವರು ಇರಬಹುದು. ನೆರಳಿಗೆ ತಂದು, ಅಂಗಿ ಬಿಚ್ಚಿ, ಮೈಮೇಲೆಲ್ಲ ಕೊಡದಿಂದ ನೀರು ಸುರಿದು ಗಾಳಿ ಬೀಸಿರಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಕೂಡದು. ಒಬ್ಬರು 108ಕ್ಕೆ ಫೋನು ಮಾಡಲಿ, ಗಾಡಿ ಬರುವತನಕ ನೀರು ಸುರಿಯುವುದು ನಿಲ್ಲಬಾರದು.

ಇನ್ನು ಮುಖ್ಯ ಮಾತು. ಹಮಾಲಿ ಚೀಲದ ಲೆಕ್ಕ. ಕುಳಿತರೆ ಅವನ ಕೂಲಿ ಹೋಗುತ್ತದೆ, ಆದ್ದರಿಂದ ‘ದಣಿವಾದರೆ ಕೂಡಪ್ಪಾ’ ಎಂಬ ನಮ್ಮ ಮಾತಿಗೆ ಬೆಲೆಯಿಲ್ಲ. ಕೂಡ್ರಿಸಬೇಕಾದರೆ ಆ ಹೊತ್ತಿನ ಕೂಲಿಯನ್ನು ನಾವೇ ಕೊಡಬೇಕು, ಇಲ್ಲವೇ ಭರ್ತಿಯ ಹೊತ್ತು ಬದಲಿಸಬೇಕು. ಒಬ್ಬ ಅಡತಿ ಬದಲಿಸಿದರೆ ಲಾರಿ ಪಕ್ಕದ ಅಂಗಡಿಗೆ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಅದಕ್ಕೆಂದೇ ಮೋಂಢಾದ ಅಡತಿಗಳೆಲ್ಲ ಯುಗಾದಿಯೊಳಗೆ ಕೂಡಿ ಮಾತಾಡಿ, ಮಿರಗ ಬರುವವರೆಗೆ ಹನ್ನೆರಡರಿಂದ ನಾಲ್ಕರತನಕ ಯಾರೂ ಭರ್ತಿ ಮಾಡಿಸುವುದಿಲ್ಲ ಎಂದು ಲಾರಿಯವರಿಗೆ ಮೊದಲೇ ತಿಳಿಸುವುದು ಸರಿ. ನಾಲ್ಕಕ್ಕೆ ಭರ್ತಿ ಹಚ್ಚಿದರೂ ಲಾರಿ ಆ ರಾತ್ರಿಯೇ ಊರು ಬಿಡುತ್ತದೆ.