ನಮ್ಮ ಟಿಬಿ ಕಾಡಾನೆಗೂ ಹೋಗಿದೆ

ಆನೆ ಊರಿಗೆ ಬಂದರೆ ಸುದ್ದಿ. ಬಾಳೆ ತುಳಿದರೆ ಸುದ್ದಿ, ಬೇಲಿ ಮುರಿದರೆ ಸುದ್ದಿ. ‘ಕಾಡಾನೆ ಹಾವಳಿ’ ಎಂಬ ತಲೆಬರಹ ನಮಗೂ ನಿಮಗೂ ಬಾಯಿಪಾಠ. ಆದರೆ ಊರಿನ ರೋಗ ಕಾಡಿಗೆ ಹೋಗಿ ಆನೆಗೆ ಅಂಟಿದರೆ ಅದು ಯಾರ ಹಾವಳಿ?

ಇದು ಕಟ್ಟುಕಥೆಯಲ್ಲ. ನಮ್ಮ ನಾಗರಹೊಳೆಯಲ್ಲಿ ಸತ್ತ ಒಂದು ಕಾಡಾನೆಯ ಮರಣೋತ್ತರ ಪರೀಕ್ಷೆ ಮಾಡಿದಾಗ ಅದರ ಶ್ವಾಸಕೋಶದಲ್ಲಿ ಗಂಟುಗಳು ಸಿಕ್ಕವು. ಪ್ರಯೋಗಾಲಯದಲ್ಲಿ ನೋಡಿದರೆ ಟಿಬಿ ರೋಗಾಣು. 2017ರಲ್ಲಿ ಈ ವರದಿ ಪ್ರಕಟವಾಯಿತು. ದಕ್ಷಿಣ ಭಾರತದ ಇನ್ನೂ ಮೂರು ಕಾಡಾನೆಗಳಲ್ಲಿ ಇದೇ ರೋಗಾಣು ಸಿಕ್ಕ ಸಂಗತಿಯೂ ಅದೇ ವರ್ಷ ಹೊರಬಂತು. ಅದಕ್ಕೂ ಮುಂಚೆ, 2016ರಲ್ಲಿ, ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ಸತ್ತ ಗಂಡಾನೆಯಲ್ಲೂ ಇದೇ ಕಂಡಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ದನಗಳಿಗೆ ಬರುವ ಟಿಬಿಯ ರೋಗಾಣು ಬೇರೆ, ಮನುಷ್ಯರದ್ದು ಬೇರೆ. ಎರಡೂ ದಾಯಾದಿಗಳು. ಈ ಆನೆಗಳಲ್ಲಿ ಸಿಕ್ಕಿದ್ದು ಮನುಷ್ಯರದ್ದು. ಅದರ ಮೂಲ ಮನೆ ನಮ್ಮ ಎದೆಗೂಡು. ಅಂದರೆ ರೋಗ ಕಾಡಿನಿಂದ ಊರಿಗೆ ಬಂದಿಲ್ಲ, ಊರಿನಿಂದ ಕಾಡಿಗೆ ಹೋಗಿದೆ.

ದಾರಿಗಳೇನು ಕಡಿಮೆ ಇಲ್ಲ. ಶಿಬಿರದ ಆನೆಗಳು ಮಾವುತ, ಕಾವಾಡಿಗಳ ಉಸಿರಿನ ಹತ್ತಿರವೇ ಬದುಕುತ್ತವೆ. ಕೆಲಸ ಮುಗಿದ ಮೇಲೆ ಮೇಯಲು ಕಾಡಿಗೆ ಬಿಟ್ಟಾಗ ಕಾಡಾನೆಗಳ ಜೊತೆ ಬೆರೆಯುತ್ತವೆ. ಹಾಗಂತ ಹಾಡಿಯ ಜನರ ಕಡೆ ಬೆರಳು ತೋರಿಸಬೇಡಿ. ಸಫಾರಿಗೆ ಬರುವವರು, ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಉಗಿಯುವವರು, ಕೆಲಸಕ್ಕೆ ಹೋಗುವವರು ಎಲ್ಲರಿಗೂ ಶ್ವಾಸಕೋಶ ಇದೆ.

‘ಹಾಗಾದರೆ ಆನೆಯಿಂದ ನಮಗೂ ಬರುತ್ತದಲ್ಲ, ಓಡಿಸಿಬಿಡಿ’ ಎನ್ನುವವರಿದ್ದಾರೆ. ಬರಬಹುದು, ಆದರೆ ದಿನವೂ ಪಕ್ಕದಲ್ಲೇ ಇರುವವರಿಗೆ. 1996ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಸಾಕಾನೆಗಳಿಗೂ ಅವುಗಳನ್ನು ನೋಡಿಕೊಳ್ಳುತ್ತಿದ್ದವರೊಬ್ಬರಿಗೂ ಒಂದೇ ತಳಿಯ ರೋಗಾಣು ಇದ್ದದ್ದು ಗೊತ್ತಾಗಿತ್ತು. ಹೊಲದ ಅಂಚಿನಲ್ಲಿ ಹಾದುಹೋಗುವ ಆನೆಯಿಂದ ಟಿಬಿಯ ಭಯ ಬೇಡ. ನಿಜವಾದ ಭಯ ಮನೆಯೊಳಗೆ ಕೆಮ್ಮುತ್ತಿರುವವರನ್ನು ಆಸ್ಪತ್ರೆಗೆ ಕಳಿಸದೆ ಇರುವುದರಲ್ಲಿದೆ.

ಸಾಕಾನೆಯ ಸೊಂಡಿಲಿಗೆ ಉಪ್ಪುನೀರು ಬಿಟ್ಟು, ಹೊರಬಂದ ನೀರನ್ನು ಪರೀಕ್ಷಿಸಬಹುದು. ತಿಂಗಳುಗಟ್ಟಲೆ ಔಷಧಿಯನ್ನೂ ಕೊಡಬಹುದು. ಕಾಡಾನೆಗೆ ದಿನಾ ಗುಳಿಗೆ ನುಂಗಿಸುವವರು ಯಾರು? ಅದಕ್ಕೆ ಇರುವ ಒಂದೇ ಮದ್ದು ನಮ್ಮ ಟಿಬಿ ವಾಸಿಯಾಗುವುದು.

ಹಾಗಾಗಿ ಅರಣ್ಯ ಇಲಾಖೆಯನ್ನು ನಾವು ಕೇಳುವುದು ಇಷ್ಟೇ. ಮಾವುತರು, ಕಾವಾಡಿಗಳು, ವಾಚರ್‌ಗಳು, ಸಫಾರಿ ಚಾಲಕರು ಮತ್ತು ಅವರ ಮನೆಯವರಿಗೆ ವರ್ಷಕ್ಕೊಮ್ಮೆಯಾದರೂ ಟಿಬಿ ಪರೀಕ್ಷೆ ಮಾಡಿಸಿ. ರೋಗ ಸಿಕ್ಕರೆ ಕೂಲಿ ಕಡಿಯದೆ ರಜೆ ಕೊಡಿ. ಕೆಮ್ಮಿದರೆ ಕೆಲಸ ಹೋಗುತ್ತದೆ ಎಂದಾದರೆ ದಿನಗೂಲಿಯವರು ಕೆಮ್ಮನ್ನು ಮುಚ್ಚಿಡದೆ ಇನ್ನೇನು ಮಾಡುತ್ತಾರೆ? ಲಕ್ಷಾಂತರ ಖರ್ಚು ಮಾಡಿ ಕಂದಕ ತೋಡುತ್ತೀರಿ. ಕಂದಕ ಆನೆಯನ್ನು ತಡೆಯುತ್ತದೆ, ರೋಗಾಣುವನ್ನಲ್ಲ.

ಓದುತ್ತಿರುವ ನಿಮಗೂ ಒಂದು ಮಾತು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಗುಳಿಗೆಯೂ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ನಿಂದ ಅದು ತಿಂಗಳಿಗೆ 1000 ರೂಪಾಯಿ. ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ಬಹುತೇಕರಿಂದ ರೋಗ ಹರಡುವುದು ನಿಲ್ಲುತ್ತದೆ.

ಎಡವುವುದು ಇಲ್ಲೇ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಗುಳಿಗೆ ಬಿಟ್ಟರೆ ರೋಗಾಣು ಸಾಯುವುದಿಲ್ಲ, ಮೊಂಡಾಗುತ್ತದೆ. ಮಾಮೂಲಿ ಟಿಬಿಗೆ ಆರು ತಿಂಗಳು ಅಂದರೆ ಆರು ತಿಂಗಳು. ಅಷ್ಟೂ ದಿನ ನುಂಗಿ. ನಿಮ್ಮ ಮಕ್ಕಳಿಗಾಗಿ, ನೆರೆಯವರಿಗಾಗಿ, ಬೇಲಿಯಾಚೆ ಇರುವ, ಬಾಯಿ ಬಾರದ ಆ ನೆರೆಯವರಿಗಾಗಿಯೂ.