ಕತ್ತೆ ಆಟಕ್ಕೆ ಅಪ್ಪನೂ ಬಂದರು

ಜುಲೈ ತಿಂಗಳ ಜಡಿಮಳೆ. ಭಾನುವಾರ ಸುಳ್ಯದ ನಮ್ಮ ಮನೆಗೆ ಪುತ್ತೂರಿನಿಂದ ಅಕ್ಕನ ಮಕ್ಕಳಿಬ್ಬರು, ಕಡಬದಿಂದ ಚಿಕ್ಕಪ್ಪನ ಮಗಳು ಬಂದಿದ್ದರು. ಸೋಮವಾರವೂ ಶಾಲೆಗಳಿಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟರು, ಇಲ್ಲೇ ಉಳಿದರು. ಸಂಜೆ ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಿದ್ದ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಉಳಿದದ್ದು ಹಲಸಿನ ಹಪ್ಪಳ ಮತ್ತು ಒಂದು ಕಟ್ಟು ಇಸ್ಪೀಟು.

ಹಣದ ಆಟ ಅಲ್ಲ ಮಾರಾಯ್ರೆ, 'ಕತ್ತೆ' ಆಟ. ಎಷ್ಟು ಜನವೋ ಅಷ್ಟು ಬಗೆಯ ಎಲೆ ತೆಗೆದುಕೊಳ್ಳಿ. ನಾಲ್ವರಿದ್ದರೆ ಎಕ್ಕ, ರಾಜ, ರಾಣಿ, ಗುಲಾಮ ತಲಾ 4, ಒಟ್ಟು 16. ಕಲಸಿ ಒಬ್ಬೊಬ್ಬರಿಗೆ 4 ಹಂಚಿ. 'ಒಂದು, ಎರಡು, ಪಾಸ್' ಅಂದಾಗ ಎಲ್ಲರೂ ಒಟ್ಟಿಗೇ ಬೇಡದ ಒಂದು ಎಲೆಯನ್ನು ಕಾಣದಂತೆ ಬಲಗಡೆಯವರಿಗೆ ದಾಟಿಸಬೇಕು. ಒಂದೇ ಬಗೆಯ ನಾಲ್ಕೂ ಸೇರಿದವರು ನಡುವೆ ಕೈ ಇಡುತ್ತಾರೆ. ಕಂಡವರೆಲ್ಲ ಅದರ ಮೇಲೆ ಪಟಪಟನೆ ಕೈ ಇಡಬೇಕು. ಕೊನೆಯವರಿಗೆ ಒಂದು ಅಕ್ಷರ. 'ಕತ್ತೆ'ಗೆ ಎರಡೇ ಅಕ್ಷರ, ಆಟ ಬೇಗ ಮುಗಿಯುತ್ತದೆ. ಹಾಗಾಗಿ ನಮ್ಮಲ್ಲಿ 'ನಾನು ಕತ್ತೆ', ನಾಲ್ಕು ಅಕ್ಷರ.

ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಕಳೆದ ವರ್ಷ ಸ್ಟ್ರೋಕ್ ಆದ ಮೇಲೆ ಅವರ ಬಲಗೈ ನಿಧಾನ. "ನೀವೂ ಬನ್ನಿ ಅಪ್ಪ" ಅಂದೆ.

"ನನ್ನಿಂದ ಎಂತ ಆಗ್ತದೆ? ಪ್ರತಿಸಲ ನಾನೇ ಕತ್ತೆ" ಅಂದರು. ನಗಲಿಲ್ಲ.

ಅಕ್ಕನ ಮಗಳು ಬಿಡಲಿಲ್ಲ. "ಅಜ್ಜ, ನಡುವೆ ಕೈ ಇಡುವುದೇ ಬೇಡ. ನಾಲ್ಕು ಸೇರಿದವರು ಸದ್ದಿಲ್ಲದೆ ಮೂಗಿಗೆ ಬೆರಳು ಇಟ್ಟರೆ ಸಾಕು. ಪಾಸ್ ಹೇಳುವುದು ನೀವೇ."

ಎಲೆ ಹಿಡಿಯುವುದು ಹೇಗೆ? ಬಟ್ಟೆ ಉಜ್ಜುವ ಹೊಸ ಬ್ರಷ್ ಒಂದಿತ್ತು. ಅದನ್ನು ಅಂಗಾತ ಇಟ್ಟು, ಕೂದಲಿನ ನಡುವೆ ಎಲೆ ಸಿಕ್ಕಿಸಿದೆ. ಗಟ್ಟಿಯಾಗಿ ನಿಂತವು. ಎಡಗೈಯಲ್ಲಿ ತೆಗೆದು ದಾಟಿಸಿದರಾಯಿತು. ಐದನೆಯವರಿಗೆಂದು ನಾಲ್ಕು ಹತ್ತುಗಳನ್ನೂ ಸೇರಿಸಿದೆವು.

ಸಾಫ್ಟ್‌ವೇರ್ ಬಳಸಲು ಜನರಿಗೆ ಕಷ್ಟವಾದರೆ ಆಫೀಸಿನಲ್ಲಿ ನಾನು ಸಾಫ್ಟ್‌ವೇರನ್ನೇ ತಿದ್ದುತ್ತೇನೆ. ಮನೆಯ ಆಟವನ್ನೂ ತಿದ್ದಬಹುದು ಅಂತ ಹನ್ನೊಂದು ವರ್ಷದ ಹುಡುಗಿ ಹೇಳಬೇಕಾಯಿತು!

ಮೂರನೇ ಆಟದಲ್ಲಿ ನಾವು ಹಪ್ಪಳಕ್ಕೆ ಜಗಳವಾಡುತ್ತಿದ್ದೆವು. ತಲೆಯೆತ್ತಿ ನೋಡಿದರೆ ಅಪ್ಪನ ಬೆರಳು ಮೂಗಿನ ಮೇಲೆ! ಯಾವಾಗ ಇಟ್ಟರೋ! ಮಕ್ಕಳೂ ಇಟ್ಟಾಗಿತ್ತು. ಕೊನೆಯವನು ನಾನು.

ನಿಮ್ಮ ಮನೆಯಲ್ಲೂ ಆಟದ ಹೊರಗೆ ಕೂತವರಿದ್ದರೆ ನಿಯಮವನ್ನು ಚೂರು ಬದಲಿಸಿ ನೋಡಿ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ನಾಳೆಯೂ ರಜೆ ಉಂಟಾ?"